ನಾನೇ ಕೂಗಿ ನಾನೇ ಕೊಂಡ ಬಳೆ

ನಮ್ಮ ಮನೆಯಾಕೆಯ ಕಾಲು ಮುರಿದದ್ದು ಅದಿರಿನ ಲಾರಿಯಿಂದಲ್ಲ, ಅದಿರಿನ ಲಾರಿ ತೋಡಿಟ್ಟು ಹೋದ ಗುಂಡಿಯಿಂದ. ಈ ವ್ಯತ್ಯಾಸವನ್ನು ಆಕೆ ಆಸ್ಪತ್ರೆಯಲ್ಲಿ ನೋಡಲು ಬಂದವರಿಗೆಲ್ಲ ಬಿಡಿಸಿ ಹೇಳುತ್ತಿದ್ದಳು. ಲಾರಿ ಗುದ್ದಿದ್ದರೆ ಅದಕ್ಕೊಬ್ಬ ಮಾಲೀಕನಿರುತ್ತಾನೆ, ಬಾಯಿತುಂಬ ಬೈಯಬಹುದು. ಗುಂಡಿಗೆ ಹಿಂದೆ ಮುಂದೆ ಯಾರೂ ಇಲ್ಲ ಎನ್ನುವುದು ಆಕೆಯ ಸಂಕಟ. ಸಿರುಗುಪ್ಪದ ಬಸ್ಸಿನಿಂದ ಬಳ್ಳಾರಿಯಲ್ಲಿ ಇಳಿದು, ನಮ್ಮ ಕೌಲ್ ಬಜಾರಿಗೆ ಆಟೋ ಹತ್ತಿ, ಮನೆ ಇನ್ನು ನಾಲ್ಕು ಹೆಜ್ಜೆ ಇದೆ ಎನ್ನುವಾಗ ಆಟೋ ಆ ಗುಂಡಿಯಲ್ಲಿ ಮಗುಚಿಕೊಂಡಿತು. ಡ್ರೈವರನಿಗೆ ಏನೂ ಆಗಲಿಲ್ಲ. ಬಳೆಯ ಪೆಟ್ಟಿಗೆಗೂ ಏನೂ ಆಗಲಿಲ್ಲ, ಯಾಕೆಂದರೆ ಆಕೆ ಅದನ್ನು ಎದೆಗವಚಿಕೊಂಡು ಕಾಲನ್ನು ಬಿಟ್ಟುಕೊಟ್ಟಿದ್ದಳು.

ಮೂರು ತಿಂಗಳು ಓಡಾಡುವಂತಿಲ್ಲ ಎಂದರು ಡಾಕ್ಟರು. ಆಕೆ ನನ್ನ ಕಡೆ ನೋಡಿದಳು. ನಾನು ಸೀಲಿಂಗ್ ಫ್ಯಾನಿನ ಕಡೆ ನೋಡಿದೆ.

ನಮ್ಮದು ಅರಗಿನ ಬಳೆಯ ಕಸುಬು. ಸಿಗಡಿಯ ಕೆಂಡದ ಮೇಲೆ ಅರಗನ್ನು ಮೆತ್ತಗೆ ಮಾಡಿ, ಹೊಸೆದು, ಬಣ್ಣ ತೀಡಿ, ದುಂಡಗೆ ಬಾಗಿಸಿ, ಆರುವುದರೊಳಗೆ ಒಂದೊಂದೇ ಹರಳು ಕೂರಿಸುವುದು ನನ್ನ ಕೆಲಸ. ಅದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಸೋಮವಾರ ಸಿರುಗುಪ್ಪ, ಗುರುವಾರ ಕುರುಗೋಡು ಎಂದು ಹೋಗಿ ಮಾರುವುದು ಆಕೆಯ ಕೆಲಸ. ನಿಕಾಹ್ ಆದ ಮೊದಲ ವರ್ಷದಲ್ಲೇ ಈ ಹಂಚಿಕೆ ಆಗಿಹೋಗಿತ್ತು. ಅದಕ್ಕೆ ಮುಂಚೆ ಬ್ರೂಸ್‌ಪೇಟೆಯಲ್ಲಿದ್ದ ನಮ್ಮಪ್ಪನ ಅಂಗಡಿಯಲ್ಲಿ ನಾನೂ ಗಿರಾಕಿಗಳ ಕೈ ಒತ್ತಿ ಅಳತೆ ನೋಡಿ ಬಳೆ ಇಡಿಸಿದವನೇ. ಆದರೆ ಯಾರಾದರೂ ನನ್ನ ಬಳೆಯನ್ನು ತಿರುವಿ ಮುರುವಿ ನೋಡಿ "ಇಷ್ಟಕ್ಕ ಇಷ್ಟಾ?" ಎಂದರೆ ನನಗೆ ಮೈಯೆಲ್ಲ ಉರಿ ಹತ್ತುತ್ತಿತ್ತು. ಒಬ್ಬ ತಹಶೀಲ್ದಾರರ ಹೆಂಡತಿಯ ಕೈಯಿಂದ ಬಳೆ ಕಿತ್ತುಕೊಂಡು "ನಿಮಗ ಪ್ಲಾಸ್ಟಿಕ್ಕೇ ಲಾಯಕ್ಕು" ಎಂದ ದಿನ ಅಪ್ಪ ನನ್ನನ್ನು ಅಂಗಡಿಯ ಮುಂದಿನಿಂದ ಎಬ್ಬಿಸಿ ಹಿಂದಿನ ಕೋಣೆಗೆ ಕಳಿಸಿದರು. ಅಲ್ಲಿಂದ ನಾನು ಹೊರಗೆ ಬಂದಿರಲಿಲ್ಲ.

ಅದು ಗಣಿಯ ಕಾಲ. ನಿನ್ನೆ ಪಂಕ್ಚರ್ ಹಾಕುತ್ತಿದ್ದವನು ಇವತ್ತು ನಾಲ್ಕು ಲಾರಿಯ ಧಣಿ. ಊರಿನ ಹೆಂಗಸರು ತರಕಾರಿ ಕೊಂಡ ಹಾಗೆ ಬಂಗಾರ ಕೊಳ್ಳುತ್ತಿದ್ದರು. ಬಳ್ಳಾರಿಯಲ್ಲಿ ಅರಗಿನ ಬಳೆಯನ್ನು ಕೇಳುವವರು ಮೊದಲೇ ಕಡಿಮೆ, ಅದಕ್ಕೇ ಆಕೆ ಸಿರುಗುಪ್ಪ, ಕುರುಗೋಡಿನ ದಾರಿ ಹಿಡಿದದ್ದು; ಈಗ ಇದ್ದವರೂ ಇಲ್ಲವಾದರು. ಧೂಳಿನದೊಂದು ಕಾಟ ಬೇರೆ. ಬಿಸಿ ಅರಗಿನ ಮೇಲೆ ಕೆಂಪು ಧೂಳು ಒಂದು ಕಣ ಕೂತರೂ ಬಣ್ಣ ಕೆಡುತ್ತದೆ. ಕಿಟಕಿಗೆ ಒದ್ದೆ ಗೋಣಿ ಕಟ್ಟಿಕೊಂಡು, ಒಳಗೆ ಕೆಂಡದ ಮುಂದೆ ಬೇಯುತ್ತ, ಇಡೀ ಗಣಿ ಉದ್ಯಮವನ್ನು ಶಪಿಸುತ್ತ ನಾನು ಹರಳು ಕೂರಿಸುತ್ತಿದ್ದೆ. ಒಂದು ಹರಳೂ ಸೊಟ್ಟ ಹೋಗುತ್ತಿರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕು, ಬೇರೆ ಯಾರೂ ಹೇಳುತ್ತಿರಲಿಲ್ಲ.

ಮನೆಯಾಕೆಯಂತೂ ಹೇಳುತ್ತಲೇ ಇರಲಿಲ್ಲ. ಇಪ್ಪತ್ತು ವರ್ಷದಲ್ಲಿ ಒಂದು ಸಲ, ಒಂದೇ ಒಂದು ಸಲ, ನನ್ನ ಬಳೆ ನೋಡಿ "ಚಲೋ ಐತಿ" ಎಂದದ್ದಿಲ್ಲ. ಪೆಟ್ಟಿಗೆ ತುಂಬಿಕೊಳ್ಳುವಾಗ "ಈ ನೇರಳೆ ಯಾಕ ಮಾಡಿದ್ರಿ, ಯಾರು ತೊಗೋತಾರ" ಎನ್ನುವಳು. ಸಂಜೆ ನೇರಳೆಯೇ ಮೊದಲು ಖಾಲಿಯಾಗಿರುತ್ತಿತ್ತು, ಆಗಲೂ ಸುಮ್ಮನೆ. ಇದನ್ನಾದರೂ ನುಂಗಿಕೊಳ್ಳಬಹುದಿತ್ತು. ನನಗೆ ನುಂಗಲಾಗದೆ ಇದ್ದದ್ದು ಆಕೆಯ ಕೈ. ಊರಿಗೆಲ್ಲ ಅರಗಿನ ಬಳೆ ತೊಡಿಸಿ ಬರುವ ಈ ಹೆಂಗಸು ತಾನು ಮಾತ್ರ ಬ್ರೂಸ್‌ಪೇಟೆಯ ಕಾರ್ಖಾನೆ ಗಾಜಿನ ಬಳೆ ಎರಡೆರಡು ಹಾಕಿಕೊಂಡಿರುತ್ತಿದ್ದಳು. ಬೆಳಿಗ್ಗೆ ಹೋಗುವಾಗಲೂ ಅವೇ, ಸಂಜೆ ಬರುವಾಗಲೂ ಅವೇ. ಬಾಯಿಬಿಟ್ಟು ಕೇಳಲು ನನಗೆ ಸ್ವಾಭಿಮಾನ ಅಡ್ಡ ಬರುತ್ತಿತ್ತು. ನನ್ನ ಕೈಕೆಲಸ ಹೇಗಿದೆ ಎನ್ನುವುದನ್ನು ಯಾರಾದರೂ ಹೇಳಬೇಕಿತ್ತು. ಆಕೆ ಹೇಳಿದ್ದರೆ ಜಗತ್ತಿನ ಉಳಿದವರ ಮಾತು ನನಗೆ ಬೇಕಿರಲಿಲ್ಲ.

ಕಾಲಿಗೆ ಪ್ಲಾಸ್ಟರ್ ಬಿದ್ದ ಮೇಲೆ "ಸೋಮವಾರ ಸಿರುಗುಪ್ಪಕ್ಕ ನೀವ ಹೋಗ್ರಿ" ಎಂದಳು. ನಾನು ಆಗುವುದಿಲ್ಲ ಎನ್ನಲಿಲ್ಲ. ವಿಚಾರ ಮಾಡುತ್ತೇನೆ ಎಂದು ಎದ್ದು ಟೈಪಿಂಗ್ ಮೇಷ್ಟ್ರ ಹತ್ತಿರ ಹೋದೆ.

ಟೈಪಿಂಗ್ ಮೇಷ್ಟ್ರು ನಮ್ಮ ಓಣಿಯ ಹಿರಿಯರು. ಬಳ್ಳಾರಿಯ ಅರ್ಧ ಗುಮಾಸ್ತರಿಗೆ ಬೆರಳು ಓಡಿಸಲು ಕಲಿಸಿದವರು. ಟೈಪ್‌ರೈಟರಿನ ಕಾಲ ಮುಗಿದ ಮೇಲೆ ಅದೇ ಕೋಣೆಯಲ್ಲಿ ಆರು ಕಂಪ್ಯೂಟರ್ ಇಟ್ಟು ಇಂಟರ್ನೆಟ್ ಸೆಂಟರ್ ಮಾಡಿದ್ದರು. ಅಲ್ಲಿಗೆ ಬರುವವರಲ್ಲಿ ಬಹಳ ಮಂದಿ ಚೀನಾದಲ್ಲಿ ಅದಿರಿನ ರೇಟು ಎಷ್ಟಾಗಿದೆ ಎಂದು ನೋಡಿಕೊಂಡು, ಮುಖ ಅರಳಿಸಿಯೋ ಬಾಡಿಸಿಯೋ ಹೋಗುವವರು. ಇಂಟರ್ನೆಟ್ಟಿನಲ್ಲಿ ಸಾಮಾನು ಹರಾಜು ಹಾಕಬಹುದು, ಗಿರಾಕಿಯ ಮುಖ ನೋಡುವ ಪ್ರಮೇಯವೇ ಇಲ್ಲ ಎಂದು ಅವರು ಒಮ್ಮೆ ಹೇಳಿದ್ದು ನನ್ನ ತಲೆಯಲ್ಲಿ ಕೂತಿತ್ತು. ಮುಖ ನೋಡುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. ನನಗಾಗಿಯೇ ಯಾರೋ ಕಂಡುಹಿಡಿದ ಹಾಗಿತ್ತು. ಅಲ್ಲದೆ ಮುಲಾಜಿಲ್ಲದ ಪರಸ್ಥಳದವರು ಪೈಪೋಟಿಯ ಮೇಲೆ ಕೂಗಿ ಬೆಲೆ ಏರಿಸಿದರೆ ನನ್ನ ಕೈಯ ಯೋಗ್ಯತೆ ಏನೆಂದು ಮನೆಯಾಕೆಗೂ ತಿಳಿಯುತ್ತದೆ ಎನ್ನುವುದು ಒಳಗಿನ ಆಸೆ.

ಒಂದು ಜೋಡಿ ಬಳೆ ಮಾಡಿದೆ. ನವಿಲಿನ ಬಣ್ಣ, ಅಂಚಿಗೆ ಎರಡು ಸಾಲು ಬಿಳಿ ಹರಳು. ಮೇಷ್ಟ್ರು ಅದನ್ನು ಕಂಪ್ಯೂಟರಿನ ತಲೆಯ ಮೇಲಿದ್ದ ಪುಟ್ಟ ಕ್ಯಾಮೆರಾಕ್ಕೆ ಹಿಡಿದು ಫೋಟೋ ತೆಗೆದರು. ಬಳೆಯ ನಡುವಿನ ತೂತಿನಲ್ಲಿ ಮೇಷ್ಟ್ರ ಮೂಗು ಬಂದಿತ್ತು. ಮೂರು ಸಲ ತೆಗೆದರೂ ಮೂಗು ತಪ್ಪಲಿಲ್ಲ. "ಇರ್ಲಿ ಬಿಡ್ರಿ, ಅಳತಿ ತಿಳಿತೈತಿ" ಎಂದು ಹಾಗೇ ಹಾಕಿದರು. ನೂರು ರೂಪಾಯಿಯಿಂದ ಕೂಗು ಶುರು ಎಂದು ಬರೆದು, ಏಳು ದಿನದ ಗಡುವು ಇಟ್ಟರು.

ಎರಡನೇ ದಿನ ಯಾರೋ ಇಂಗ್ಲಿಷಿನಲ್ಲಿ ಸೈಜ್ ಎಷ್ಟು ಎಂದು ಕೇಳಿದ್ದರು. ಬಳೆಗಾರನಿಗೆ ಇಂಥ ಪ್ರಶ್ನೆ ಕೇಳುವುದೇ ತಪ್ಪು. ಸೈಜು ಇರುವುದು ಕೈಯಲ್ಲಿ. ಕೈ ನೋಡಿ ಬಳೆ. "ಕೈ ತೋರಿಸಾಕ ಹೇಳ್ರಿ" ಎಂದೆ. ಮೇಷ್ಟ್ರು ಅದನ್ನು ಹಾಗೇ ಇಂಗ್ಲಿಷಿಗೆ ತಿರುಗಿಸಿ ಕಳಿಸಿದರು. ಆ ಮನುಷ್ಯ ಮತ್ತೆ ಪತ್ತೆಯಿಲ್ಲ.

ಮೂರನೇ ದಿನ ಒಂದು ಕೂಗು ಬಂತು: ನೂರಾ ಹತ್ತು. ಆ ಎರಡು ಸಾಲು ಹರಳು ಕೂರಿಸಲು ಇಡೀ ದಿನ ಬೆನ್ನು ಬಗ್ಗಿಸಿದ್ದೆ. "ಈ ಮಗಂಗ ಉತ್ತರ ಕೊಡಬೇಕಲ್ರಿ" ಎಂದೆ. ನಮ್ಮ ಬಜಾರಿನ ಪದ್ಧತಿ ಗೊತ್ತಲ್ಲ. ಗಿರಾಕಿ ಒಂದು ರೇಟು ಹೇಳಿದಾಗ ಅಂಗಡಿಯವನು ಸುಮ್ಮನಿದ್ದರೆ ಒಪ್ಪಿದ ಎಂದು ಅರ್ಥ. ಅವನು ಹತ್ತು ಎಂದರೆ ನಾವು ಮೂವತ್ತು ಎನ್ನಬೇಕು, ಅವನು ಹನ್ನೆರಡಕ್ಕೆ ಬರಬೇಕು, ನಾವು ಬಳೆ ಒಳಗಿಡಬೇಕು, ಅವನು ಎದ್ದು ಹೋದಂತೆ ಮಾಡಿ ಮರಳಿ ಬರಬೇಕು. ಮೇಷ್ಟ್ರೂ ಕೌಲ್ ಬಜಾರಿನಲ್ಲೇ ಹುಟ್ಟಿ ಬೆಳೆದವರು, ಅವರಿಗೂ ಇದು ನ್ಯಾಯವಾಗಿಯೇ ಕಂಡಿತು. ತಡಕಾಡಿ ನೋಡಿ, "ಮಾರೋರ ಖಾತೆದಿಂದ ರೇಟು ಹೇಳಾಕ ಬರಂಗಿಲ್ಲ, ಇನ್ನೊಂದು ಖಾತೆ ತೆಗಿಬೇಕು" ಎಂದರು. ತೆಗೆಯಿರಿ ಎಂದೆ. ಹೊಸ ಖಾತೆಯಿಂದ ಮುನ್ನೂರು ಎಂದು ಹೊಡೆಸಿದೆ.

ಮರುದಿನ ನೋಡಿದರೆ ಅವನು ಮುನ್ನೂರಾ ಹತ್ತಕ್ಕೆ ಬಂದಿದ್ದ!

"ಏರಿದ ನೋಡ್ರಿ, ಏರಿದ!" ಎಂದು ಮೇಷ್ಟ್ರು ಕುರ್ಚಿಯಲ್ಲೇ ಕುಪ್ಪಳಿಸಿದರು. ನನಗೆ ಜೀವಮಾನದಲ್ಲಿ ಮೊದಲ ಸಲ ವ್ಯಾಪಾರ ಕೈಹಿಡಿದಿತ್ತು. ನಾನು ಐನೂರು ಎಂದೆ. ಅವನು ಸುಮ್ಮನಾದ. ಇದು ಎದ್ದು ಹೋದಂತೆ ಮಾಡುವ ಹಂತ, ಇನ್ನೇನು ಮರಳಿ ಬರುತ್ತಾನೆ ಎಂದು ನಾವಿಬ್ಬರೂ ಚಹಾ ಕುಡಿಯುತ್ತ ಕಾದೆವು. ಅವನು ಬರಲಿಲ್ಲ. ಗಡುವು ಮುಗಿದ ದಿನ ಎರಡು ಸಂದೇಶ ಬಂದಿದ್ದವು. ಮೇಷ್ಟ್ರು ಎರಡನ್ನೂ ಒಂದೇ ದನಿಯಲ್ಲಿ ಓದಿ ಹೇಳಿದರು. ಒಂದರಲ್ಲಿ, ಅಭಿನಂದನೆಗಳು, ನಿಮ್ಮ ಬಳೆ ಐನೂರು ರೂಪಾಯಿಗೆ ಮಾರಾಟವಾಗಿದೆ. ಇನ್ನೊಂದರಲ್ಲಿ, ಅಭಿನಂದನೆಗಳು, ನೀವು ಐನೂರು ರೂಪಾಯಿಗೆ ಬಳೆ ಗೆದ್ದಿದ್ದೀರಿ.

ಮೂರು ದಿನದೊಳಗೆ ಪಾರ್ಸೆಲ್ ಕಳಿಸಬೇಕು ಎಂದು ಬೇರೆ ಬರೆದಿತ್ತು, ಕೌಲ್ ಬಜಾರಿನಿಂದ ಕೌಲ್ ಬಜಾರಿಗೆ. ಮಾರಿಸಿಕೊಟ್ಟದ್ದಕ್ಕೆ ಅವರ ಕಮಿಷನ್ ಕೂಡ ಕಟ್ಟಬೇಕಂತೆ. ಮೇಷ್ಟ್ರು ನಿಯಮದ ಮನುಷ್ಯ, ಅರ್ಧಕ್ಕೆ ಬಿಡುವವರಲ್ಲ. "ಕೊಂಡವರ ಬಗ್ಗೆ ಮಾರಿದವರು ಅಭಿಪ್ರಾಯ ಬರಿಬೇಕಂತ. ಏನು ಹಾಕಲಿ?" ಎಂದರು. "ಸಿಟ್ಟಿನ ಮನುಷ್ಯ ಅಂತ ಹಾಕ್ರಿ" ಎಂದೆ. ಹಾಕಿದರು. "ಈಗ ಕೊಂಡವರು ಸಾಮಾನಿನ ಬಗ್ಗೆ ಬರಿಬೇಕು" ಎಂದು ಇನ್ನೊಂದು ಖಾನೆ ತೋರಿಸಿದರು.

ಅದೊಂದನ್ನು ನನ್ನಿಂದ ಹೇಳಲಾಗಲಿಲ್ಲ. ನನ್ನ ಬಳೆಯನ್ನು ಹೊಗಳಲು ಕೊನೆಗೂ ಒಂದು ಜಾಗ ಸಿಕ್ಕಿತ್ತು, ಹೊಗಳಬೇಕಾದವನು ನಾನೇ ಆಗಿದ್ದೆ. ಮೇಷ್ಟ್ರು ಕೀಲಿಗಳ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದರು. ನನಗೆ ಅಳು ಬಂದ ಹಾಗಾಗಿ, ಖಾಲಿ ಬಿಡಿ ಎಂದು ಹೇಳಿ ಎದ್ದು ಬಂದೆ.

ನಾನು ಮನೆ ತಲುಪುವುದರೊಳಗೆ ಸುದ್ದಿ ತಲುಪಿತ್ತು, ಮೇಷ್ಟ್ರ ಹೆಂಡತಿಯ ಮೂಲಕ. ಮನೆಯಾಕೆ ಮಂಚದ ಮೇಲೆ ನಗುತ್ತಿದ್ದಳು. ಪ್ಲಾಸ್ಟರಿನ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಯಾ ಅಲ್ಲಾ, ನಗಿಸಬ್ಯಾಡ್ರಿ, ಕಾಲು ನೋಯತೈತಿ" ಎಂದು ಅಳುತ್ತ ನಗುತ್ತಿದ್ದಳು. ನಾನು ಏನೂ ಹೇಳಿರಲೇ ಇಲ್ಲ, ಬಾಗಿಲಲ್ಲಿ ನಿಂತಿದ್ದೆ ಅಷ್ಟೆ. ನಗು ಮುಗಿದ ಮೇಲೆ ಕಣ್ಣೊರೆಸಿಕೊಂಡು, "ಸೋಮವಾರ ಏಳು ಗಂಟೆ ಬಸ್ಸು" ಎಂದಳು. ನಾನು ಪೆಟ್ಟಿಗೆಯ ಧೂಳು ಒರೆಸತೊಡಗಿದೆ.

ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಗಳ ಹಿಂದೊಂದು ಓಣಿ. ಮೂಲೆಮನೆಯ ಕಟ್ಟೆಯ ಮೇಲೆ ಪೆಟ್ಟಿಗೆ ಬಿಚ್ಚಬೇಕು, ಕೂಗಬಾರದು, ಕೂತರೆ ಸಾಕು ತಾವೇ ಬರುತ್ತಾರೆ ಎಂದು ಆಕೆ ಹೇಳಿಕೊಟ್ಟಿದ್ದಳು. ಹಾಗೇ ಕೂತೆ. ಮೊದಲು ಮೂವರು ಬಂದರು, ಆಮೇಲೆ ಎಂಟು ಹತ್ತು ಜನ. ಬಳೆಯ ಕಡೆ ಒಬ್ಬರೂ ನೋಡಲಿಲ್ಲ, ನನ್ನನ್ನು ನೋಡುತ್ತಿದ್ದರು.

"ಬಳಿ ಅಕ್ಕನ ಗಂಡ ನೀವೇನ್ರಿ?"

ಹೌದು ಎಂದೆ.

"ಸಾರಿಗೆ ಉಪ್ಪು ಕಡಿಮಿ ಆದ್ರ ಎರಡು ದಿನ ಮಾತು ಬಿಡ್ತೀರಂತಲ್ಲ?"

ಎಲ್ಲರೂ ಬಾಯಿಗೆ ಸೆರಗು ಹಿಡಿದರು. ಇನ್ನೊಬ್ಬಳು ನನ್ನ ಗೊರಕೆಯ ಬಗ್ಗೆ ವಿಚಾರಿಸಿದಳು. ಮತ್ತೊಬ್ಬಳಿಗೆ ತಹಶೀಲ್ದಾರರ ಹೆಂಡತಿಯ ಕತೆಯೂ ಗೊತ್ತಿತ್ತು, ನನ್ನ ನೆನಪಿಗಿಂತ ಚೆನ್ನಾಗಿ ಗೊತ್ತಿತ್ತು. ಇಪ್ಪತ್ತು ವರ್ಷ ನಾನು ಒದ್ದೆ ಗೋಣಿಯ ಹಿಂದೆ ಅಡಗಿ ಕೂತಿದ್ದರೂ ಇಡೀ ಸಿರುಗುಪ್ಪ ನನ್ನನ್ನು ದಿನಾ ಕಂಡವರಂತೆ ಬಲ್ಲದು ಎಂದು ಅವತ್ತು ಗೊತ್ತಾಯಿತು. ಪೆಟ್ಟಿಗೆ ಮುಚ್ಚಿ ಎದ್ದುಬಿಡೋಣ ಎಂದು ಮುಚ್ಚಳಕ್ಕೆ ಕೈ ಹಾಕಿದೆ. ಅಷ್ಟರಲ್ಲಿ ಮೂಲೆಮನೆಯ ಹಿರಿಯ ಹೆಂಗಸು ಆ ನವಿಲು ಬಣ್ಣದ ಜೋಡಿಯನ್ನು ಎತ್ತಿಕೊಂಡು ನನ್ನ ಮುಂದೆ ಹಿಡಿದಳು.

"ಹಾಕ್ಕೊಂಡು ತೋರಿಸ್ರಿ."

"ಯಾರು?"

"ನೀವ. ಕೈ ಮ್ಯಾಲ ನೋಡಲಾರದ ನಾವು ಯಾವತ್ತು ತೊಗೊಂಡೀವಿ?"

ನಾನು ಗಂಡಸು ಎಂದು ನೆನಪಿಸಿದೆ. ಅದು ಅವರಿಗೆ ದೊಡ್ಡ ವಿಷಯವಾಗಿ ಕಾಣಲಿಲ್ಲ. ಬೇರೆಯವರು ಹಾಕಿಕೊಂಡು ತೋರಿಸಲಿ ಎಂದೆ. ಒಬ್ಬಳು ಹಾಕಿಕೊಂಡದ್ದನ್ನು ಇನ್ನೊಬ್ಬಳು ಕೊಳ್ಳುವುದಿಲ್ಲ, ಜಗಳವಾಗುತ್ತದೆ, ಮಾರುವವರ ಕೈ ಮಾತ್ರ ಎಲ್ಲರದು ಎಂದು ಕಾನೂನು ಹೇಳಿದರು. ನಮ್ಮ ಕಡೆ ಗಂಡಸರು ಜಗಳಕ್ಕೆ ನಿಂತಾಗ ಎದೆ ಉಬ್ಬಿಸಿ "ನಾನೇನು ಬಳಿ ತೊಟ್ಕೊಂಡೀನೇನಲೇ" ಎನ್ನುತ್ತಾರೆ. ನಾನೂ ಎಷ್ಟೋ ಸಲ ಅಂದವನೇ. ಅವತ್ತು ಸಿರುಗುಪ್ಪದ ಹಾಡಹಗಲಿನಲ್ಲಿ, ಹತ್ತು ಜನ ಹೆಂಗಸರ ಮುಂದೆ, ರೋಮ ತುಂಬಿದ ಈ ಮುಂಗೈಗೆ ನಾನು ಬಳೆ ತೊಟ್ಟುಕೊಂಡು ಬಿಸಿಲಿಗೆ ಹಿಡಿದೆ.

ಹರಳು ಮಿಂಚಿದವು. "ಬಾಗುಂದಿ" ಎಂದು ತೆಲುಗಿನಲ್ಲಿ ಮೆಚ್ಚಿದಳು ಹಿಂದಿನ ಸಾಲಿನ ಒಬ್ಬ ಆಂಧ್ರದ ಸೊಸೆ. ಮೂಲೆಮನೆಯಾಕೆ ನನ್ನ ಕೈಯಿಂದ ಆ ಜೋಡಿಯನ್ನು ಕಳಚಿಕೊಂಡು, ತಾನು ತೊಟ್ಟು, ದುಡ್ಡು ಪೆಟ್ಟಿಗೆಯ ಮೇಲಿಟ್ಟು ಸೀದಾ ಒಳಗೆ ಹೋಗಿಬಿಟ್ಟಳು. ಏಳು ದಿನ ಇಂಟರ್ನೆಟ್ಟಿನಲ್ಲಿ ನೇತಾಡಿದ ಬಳೆ ಏಳು ನಿಮಿಷದಲ್ಲಿ ಹೋಯಿತು. ಆಮೇಲೆ ನಾನು ನಿಲ್ಲಲಿಲ್ಲ. ಕೆಂಪು ತೊಟ್ಟೆ, ಹಸಿರು ತೊಟ್ಟೆ, ಕೈಯನ್ನು ಹೀಗೆ ತಿರುಗಿಸಿ ಹಾಗೆ ತಿರುಗಿಸಿ ತೋರಿಸಿದೆ. ಯಾರೋ ಸೆರಗಿನ ಅಂಚನ್ನು ನನ್ನ ಮೊಣಕೈ ಮೇಲೆ ಹಾಕಿ ಬಣ್ಣ ಒಪ್ಪುತ್ತದೆಯೇ ಎಂದು ನೋಡಿದರು. ಚೌಕಾಸಿ ಮಾಡಿದವರ ಮೇಲೆ ಸಿಟ್ಟು ಬರುತ್ತಿತ್ತು, ಆದರೆ ಬಳೆ ತೊಟ್ಟ ಕೈಯನ್ನು ಎತ್ತಿ ಬೈಯುವುದು ಚೆನ್ನಾಗಿ ಕಾಣುವುದಿಲ್ಲ ಎಂದು ತಡೆದುಕೊಂಡೆ.

ಎಡವಟ್ಟಾದದ್ದು ಕೊನೆಯಲ್ಲಿ. ಒಂದು ಹಳದಿ ಬಳೆ ನನ್ನ ಅಳತೆಯದಲ್ಲ ಎಂದು ಗೊತ್ತಿದ್ದೂ ಉತ್ಸಾಹದಲ್ಲಿ ಒತ್ತಿ ತೂರಿಸಿಕೊಂಡೆ. ಅದು ವಾಪಸ್ ಬರಲಿಲ್ಲ. ಎಣ್ಣೆ ಹಚ್ಚಿದರು, ಇಬ್ಬರು ಹಿಡಿದು ಎಳೆದರು, ಬರಲಿಲ್ಲ. ಒಡೆಯಲು ನನಗೆ ಮನಸ್ಸಾಗಲಿಲ್ಲ. ಅಂಗಿಯ ತೋಳನ್ನು ಕೆಳಗೆಳೆದುಕೊಂಡು, ಮೇಲೆ ಟವೆಲ್ ಸುತ್ತಿಕೊಂಡು ಬಸ್ ನಿಲ್ದಾಣಕ್ಕೆ ಬಂದೆ. ಚಹಾ ಅಂಗಡಿಯಲ್ಲಿ ಲೋಟ ಎತ್ತುವಾಗ ಟವೆಲ್ ಜಾರಿತು. ಪಕ್ಕದಲ್ಲಿ ಅದಿರಿನ ಲಾರಿಯ ಡ್ರೈವರನೊಬ್ಬ ಕೂತಿದ್ದ, ತಲೆಯಿಂದ ಕಾಲಿನವರೆಗೆ ಕೆಂಪಗೆ.

"ಏನ್ ಸಾಹೇಬ್ರ, ಬಳಿ ತೊಟ್ಕೊಂಡೀರಿ?" ಎಂದು ನಕ್ಕ.

ಬೇರೆ ದಿನವಾಗಿದ್ದರೆ ಲೋಟ ಅವನ ತಲೆಯ ಮೇಲಿರುತ್ತಿತ್ತು. "ಹೌದು, ತೊಟ್ಕೊಂಡೀನಿ. ನಿನ್ನ ಹೆಂಡತಿಗೂ ಒಂದು ಜೋಡಿ ಒಯ್ಯಿ" ಎಂದೆ. ನನಗೇ ಆಶ್ಚರ್ಯವಾಯಿತು, ಅದು ಮನೆಯಾಕೆಯ ದನಿಯ ಹಾಗೇ ಇತ್ತು. ಅವನು ಹೆಂಡತಿಯ ಕೈಯ ಅಳತೆಯನ್ನು ಗಾಳಿಯಲ್ಲಿ ಬೆರಳಿನಿಂದ ಬರೆದು ತೋರಿಸಿ ಒಂದು ಜೋಡಿ ಕೊಂಡ. ಕೌಲ್ ಬಜಾರಿಗೆ ಬಂದ ಮೇಲೆ ಮನೆಯಾಕೆ ಸೋಪು ಹಚ್ಚಿ, ಹೆಬ್ಬೆರಳನ್ನು ಮಡಚಿ, ಒಂದೇ ಏಟಿಗೆ ಆ ಹಳದಿ ಬಳೆ ತೆಗೆದಳು. ಖಾಲಿ ಪೆಟ್ಟಿಗೆಯನ್ನು ನೋಡಿದಳು. ಮುಚ್ಚಳ ಮುಚ್ಚಿಟ್ಟಳು, ಅಷ್ಟೆ.

ಗುರುವಾರ ಕುರುಗೋಡಿಗೆ ಹೋಗುವಾಗ ನನಗೆ ಸ್ವಲ್ಪ ಜಂಬವೇ ಬಂದಿತ್ತು. ಅಲ್ಲಿ ಆಕೆಯ ಠಿಕಾಣಿ ಒಂದು ಹಿಟ್ಟಿನ ಗಿರಣಿ. ಜೋಳ ಬೀಸಿಸಲು ಬಂದ ಹೆಂಗಸರು ಪಾಳಿಗಾಗಿ ಕಾಯುತ್ತ ಕೂರುತ್ತಾರೆ, ಕೂತವರ ಕೈ ಖಾಲಿ ಇರುತ್ತದೆ, ಖಾಲಿ ಕೈಗೆ ಬಳೆ. ಗಿರಣಿ ನಡೆಸುವಾಕೆ ಎತ್ತರದ ಆಳು, ಹುಬ್ಬು ರೆಪ್ಪೆಯೆಲ್ಲ ಹಿಟ್ಟು ಕೂತು ಬೆಳ್ಳಗಾಗಿದ್ದಳು. ಗಿರಣಿಯ ಸದ್ದಿಗೆ ಅಲ್ಲಿ ಎಲ್ಲರೂ ಕಿರುಚಿಯೇ ಮಾತಾಡುವುದು. ನಾನು ಮೂಲೆಯಲ್ಲಿ ಪೆಟ್ಟಿಗೆ ಬಿಚ್ಚಿ, ಹೇಳಿಸಿಕೊಳ್ಳದೆಯೇ ಕೈಗೆ ಬಳೆ ತೊಟ್ಟುಕೊಂಡು, ಎತ್ತಿ ಹಿಡಿದು ಕೂತೆ. ಗಿರಣಿಯಾಕೆ ನನ್ನನ್ನು ನೋಡಿದಳು, ಕೈ ನೋಡಿದಳು, ಪಕ್ಕದ ಹೆಂಗಸಿನ ಕಿವಿಗೆ ಬಾಯಿಟ್ಟು ಏನೋ ಕಿರುಚತೊಡಗಿದಳು. ಇಬ್ಬರೂ ನಗುತ್ತಿದ್ದರು.

ಆಗ ಕರೆಂಟು ಹೋಯಿತು.

ಗಿರಣಿ ಗಕ್ಕನೆ ನಿಂತಿತು, ಆಕೆಯ ದನಿ ನಿಲ್ಲಲಿಲ್ಲ. "...ಇಂಥಾ ಕೈ ಬಳ್ಳಾರಿ ಜಿಲ್ಲಾದಾಗ ಇನ್ನೊಂದಿಲ್ಲ ಅಂತಾಳ, ಅವಂಗ ಮಾತ್ರ ಗೊತ್ತಾಗಬಾರದಂತ!"

ಆ ಮಾತು ನಾಲ್ಕು ಗೋಡೆಗೂ ಬಡಿದು ನನ್ನ ಮುಂದೆ ಬಂದು ಬಿತ್ತು. ಜೋಳದ ಬುಟ್ಟಿ ಹಿಡಿದವರೆಲ್ಲ ಬುಟ್ಟಿಯೊಳಗೆ ನೋಡತೊಡಗಿದರು. ಗಿರಣಿಯಾಕೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ಯಾರು ಅಂತಾಳ?" ಎಂದೆ.

"ಯಾರೂ ಇಲ್ಲ ಬಿಡ್ರಿ."

"ನಮ್ಮನಿಯಾಕಿನಾ?"

ಆಕೆ ಸುತ್ತ ನೋಡಿದಳು. ಕರೆಂಟು ಬರುವ ಲಕ್ಷಣವಿರಲಿಲ್ಲ. ಕೊನೆಗೆ ನನ್ನ ಎದುರು ಕುಕ್ಕರುಗಾಲಿನಲ್ಲಿ ಕೂತು, ದನಿ ತಗ್ಗಿಸಲು ಗೊತ್ತಿಲ್ಲದವಳು ಕಷ್ಟಪಟ್ಟು ತಗ್ಗಿಸಿ ಹೇಳಿದಳು.

"ಬಳ್ಳಾರಿ ಬಸ್ ಸ್ಟ್ಯಾಂಡಿಗೆ ಬಂದ ಕೂಡಲೆ ಗಾಜಿನ ಬಳಿ ತೆಗೆದು ಚೀಲದಾಗ ಹಾಕ್ತಾಳಂತ್ರಿ. ನೀವು ಮಾಡಿದ್ದರಾಗ ಎಲ್ಲಾಕಿಂತ ಚಲೋ ಜೋಡಿ ಯಾವುದೈತಿ, ಅದನ್ನ ತಾನು ಹಾಕ್ಕೊಂಡು ಬರ್ತಾಳ. ಇದು ನಂದು, ನನ್ನ ಗಂಡ ಮಾಡಿದ್ದು, ಇದನ್ನ ಮಾತ್ರ ಕೇಳಬ್ಯಾಡ್ರಿ ಅಂತಾಳ. ನಾವು ಬಿಡ್ತೀವೇನು? ಆಕಿ ಕೈಯಾಗಿಂದೇ ಬೇಕು ಎಲ್ಲಾರಿಗೂ. ಸಂಜಿತನಕ ತಡಿತಾಳ, ಕಡೀಕ ಯಾರರ ಒಬ್ಬಾಕಿ ಕಾಡಿ ತೊಗೊಂಡ ಬಿಡ್ತಾಳ. ಹೋದ ವರ್ಷ ಒಂದು ಹುಡುಗಿ, ಮದುವಿ ಗೊತ್ತಾದಾಕಿ, ಅತ್ತು ಕರೆದು ಕಿತ್ತುಕೊಂಡ್ಲು. ಕೊಟ್ಟ ಮ್ಯಾಲ ನಿಮ್ಮಾಕಿನೂ ಇಲ್ಲೇ ಕುಂತು ಅತ್ಲು."

"ಮತ್ತ ನನಗ್ಯಾಕ ಹೇಳಿಲ್ಲ?"

"ಹೇಳಿದ್ರ ನಿಮ್ಮ ತೆಲಿ ತಿರುಗತೈತಂತ. ಸಿರುಗುಪ್ಪದಾಗೂ ಆಣಿ ಮಾಡಿಸ್ಯಾಳ."

ಎರಡು ಊರಿನ ಹೆಂಗಸರು ಇಪ್ಪತ್ತು ವರ್ಷ ಕಾಪಾಡಿಕೊಂಡು ಬಂದ ಗುಟ್ಟನ್ನು ಒಂದು ಕರೆಂಟು ಕಂಪನಿ ಬಿಚ್ಚಿಟ್ಟಿತ್ತು. ನನಗೆ ಖುಷಿಯಾಯಿತು. ಎಷ್ಟು ಖುಷಿ ಎಂದರೆ ಎದ್ದು ಹೊರಗೆ ಹೋಗಿ ಕುರುಗೋಡಿನ ಗುಡ್ಡದ ಕಡೆ ಮುಖ ಮಾಡಿ ನಿಂತುಕೊಳ್ಳಬೇಕಾಯಿತು. ಅದರ ಹಿಂದೆಯೇ ನಾಚಿಕೆಯಾಯಿತು. ಸಂಜೆ ಆಕೆ ಗಾಜಿನ ಬಳೆಯಲ್ಲೇ ಬಂದಾಗಲೆಲ್ಲ ನಾನು ಮುಖ ತಿರುಗಿಸಿಕೊಂಡು, ಸಾರಿನ ಉಪ್ಪಿನ ನೆಪ ತೆಗೆದು ಮಾತು ಬಿಡುತ್ತಿದ್ದೆನಲ್ಲ. ಕರೆಂಟು ಬಂದ ಮೇಲೆ ಒಳಗೆ ಹೋಗಿ ಉಳಿದದ್ದನ್ನು ಮಾರಿದೆ. ಕೈಯಲ್ಲಿದ್ದದ್ದನ್ನೂ ಕಳಚಿಕೊಂಡರು.

ಮಧ್ಯಾಹ್ನದ ಬಸ್ಸಿಗೇ ಮನೆಗೆ ಬಂದೆ. ಆಕೆ ಮಂಚದ ಮೇಲೆ ಕಾಲು ಚಾಚಿ ಅಕ್ಕಿ ಆರಿಸುತ್ತಿದ್ದಳು.

"ಯಾಕ, ಮಾರಾಟ ಆಗಲಿಲ್ಲೇನು?"

"ಎಲ್ಲಾ ಹೋತು."

"ಮತ್ತ ಮುಖ ಯಾಕ ಹಂಗ?"

"ಗಿರಣಿಯಾಕಿ ಎಲ್ಲಾ ಹೇಳಿದ್ಲು."

ಆಕೆಯ ಕೈ ಮೊರದಲ್ಲಿ ನಿಂತಿತು. ಗಿರಣಿಯಾಕೆಯ ಬಾಯಿಗೆ ಏನೇನು ಬೀಳಬೇಕೆಂದು ಒಂದಿಷ್ಟು ಹೇಳಿದಳು. ಆಮೇಲೆ ನನ್ನ ಮೇಲೆಯೇ ಏರಿ ಬಂದಳು. "ಹೌದು, ಹೇಳಿಲ್ಲ. ಹೇಳಿದ್ರ ನೀವು ಸಿಗಡಿ ಮುಂದ ಕುಂದರ್ತಿದ್ರೇನು? ಮೀಸಿ ತಿರುವಿಕೊಂತ ಓಣಿ ತುಂಬ ತಿರುಗ್ತಿದ್ರಿ. ಇವತ್ತು ಹೇಳ್ತಾಳ ನೋಡೋಣು, ಇವತ್ತು ಹೇಳ್ತಾಳ ನೋಡೋಣು ಅಂತ ದಿನಾ ಒಂದು ಹೊಸಾ ನಮೂನಿ ಮಾಡ್ತಿದ್ರಿ. ನನಗ ಗೊತ್ತಿರಲಿಲ್ಲೇನು?"

ನಾನು ಕಿಟಕಿಯ ಗೋಣಿಗೆ ನೀರು ಹೊಡೆದು ಸಿಗಡಿ ಹೊತ್ತಿಸಿದೆ. ಆಕೆಗೆ ಅರ್ಥವಾಯಿತು, ಮೊರವನ್ನು ಪಕ್ಕಕ್ಕಿಟ್ಟಳು. ಯಾವ ಬಣ್ಣ ಎಂದು ಕೇಳಿದೆ. ನೇರಳೆ ಎಂದಳು.

ಕೈ ಹಿಡಿದು ಬೆರಳಿನ ಬುಡ ಒತ್ತಿ ಅಳತೆ ನೋಡಿದೆ. ಪೆಟ್ಟಿಗೆಯ ಹಿಡಿಕೆ ಹಿಡಿದು ಹಿಡಿದು ಅಂಗೈ ಜಡ್ಡುಗಟ್ಟಿತ್ತು. ಅರಗು ಹೊಸೆದು, ಬಣ್ಣ ತೀಡಿ, ಹರಳು ಕೂರಿಸಿದೆ. ಆಕೆ ಮಂಚದಿಂದಲೇ ನೋಡುತ್ತಿದ್ದಳು. ಅಷ್ಟು ವರ್ಷದಲ್ಲಿ ನಾನು ಕೆಲಸ ಮಾಡುವುದನ್ನು ಆಕೆ ಕೂತು ನೋಡಿದ್ದು ಅವತ್ತೇ ಮೊದಲು. ಸಲೀಸಾಗಿ ಜಾರಿ ಕೂರುವ ಅಳತೆಗೆ ಬಾಗಿಸಿ, ತುದಿ ಕೂಡಿಸುವಷ್ಟರಲ್ಲಿ ಆಕೆ ತಡೆದಳು.

"ಹಂಗ ಬ್ಯಾಡ್ರಿ. ಸಡಲ ಇದ್ರ ಯಾರರ ಕೇಳೇ ಕೇಳ್ತಾರ, ನಾನು ಮತ್ತ ತೆಗೆದು ಕೊಟ್ಟುಬಿಡ್ತೀನಿ. ಕೈ ಮ್ಯಾಲ ಇಟ್ಟು ಕೂಡಿಸ್ರಿ. ತೆಗಿಯಾಕ ಬರಬಾರದು."

ಕೈಯ ಮೇಲೆ ಬಿಸಿ ಅರಗು ಕೂಡಿಸುವುದು ಕಷ್ಟದ ಕೆಲಸ. ಅರಗಿಗೂ ಕೈಗೂ ನಡುವೆ ಒದ್ದೆ ಬಟ್ಟೆ ಇಟ್ಟು, ಊದುತ್ತ ಊದುತ್ತ ಒಂದು ಕೈಗೆ ಒಂದರಂತೆ ಎರಡನ್ನೂ ಕೂಡಿಸಿದೆ. ಇನ್ನು ಅವು ಒಡೆದರೆ ಮಾತ್ರ ಬರಬೇಕು. ಆಕೆ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ಬಹಳ ಹೊತ್ತು ನೋಡಿದಳು.

"ಇಲ್ಲೊಂದು ಹರಳು ಸೊಟ್ಟ ಕೂತೈತಿ" ಎಂದಳು.

ಬಗ್ಗಿ ನೋಡಿದೆ. ನಿಜ. ಹರಳಿನ ಮೇಲಿರಬೇಕಾದ ನನ್ನ ಕಣ್ಣು ಮಂಚದ ಕಡೆ ಹೋಗಿತ್ತು. ಅರಗು ಇನ್ನೂ ಬೆಚ್ಚಗಿದೆ, ತೆಗೆದು ನೇರ ಮಾಡಲೇ ಎಂದು ಕೇಳಿದೆ.

ಆಕೆ ಕೈಯನ್ನು ಹಿಂದಕ್ಕೆಳೆದುಕೊಂಡಳು. "ಮುಟ್ಟಬ್ಯಾಡ್ರಿ" ಎಂದಳು.